ಹಸು ಮಾರುವ ಮೊದಲು ಅರ್ಜಿ ಬರೆಯಿರಿ



ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ. ಪ್ರಥಮ ದರ್ಜೆ ಬಂದಿದೆ. ಮುಂದೆ ಎಂ.ಎಸ್ಸಿ. ಓದುತ್ತೇನೆ ಎನ್ನುತ್ತಾಳೆ. ಮನೆಯಲ್ಲಿ ಮೂರು ಹಸುಗಳಿವೆ. ಅವುಗಳಲ್ಲಿ ಒಂದು ಎರಡನೇ ಸೂಲಿನದು, ಹೊತ್ತಿಗೆ ಐದು ಲೀಟರಿಗೆ ಕಡಿಮೆಯಿಲ್ಲದೆ ಕೊಡುತ್ತಿದೆ. ರಾತ್ರಿ ಊಟವಾದ ಮೇಲೆ ತಂದೆ ತಾಯಿ ಕುಳಿತು ಲೆಕ್ಕ ಹಾಕುತ್ತಾರೆ. ಮೊದಲು ಬರುವ ಮಾತು "ಆ ಹಸು ಕೊಟ್ಟುಬಿಡೋಣ" ಎಂದು. ಅದಕ್ಕೆ ಮನಸ್ಸು ಒಪ್ಪದಿದ್ದರೆ ಎರಡನೆಯ ಮಾತು, "ಓದಿದ್ದು ಸಾಕು, ಸಂಬಂಧ ನೋಡೋಣ" ಎಂದು.

ಈ ಎರಡು ಮಾತುಗಳಿಗೂ ಮೊದಲು ಆಡಬೇಕಾದ ಮೂರನೆಯ ಮಾತೊಂದಿದೆ. ಅದೇ ವಿದ್ಯಾರ್ಥಿವೇತನ. ಸ್ನಾತಕೋತ್ತರ ಓದಿಗೆ ಸರ್ಕಾರವೂ ಬೇರೆ ಸಂಸ್ಥೆಗಳೂ ಕೊಡುವ ಹಣವನ್ನು ಎಷ್ಟೋ ಮನೆಗಳು ಕೇಳುವುದೇ ಇಲ್ಲ. ಕೇಳಿದವರಲ್ಲಿಯೂ ಕೆಲವರ ಅರ್ಜಿ ಒಂದು ಸಣ್ಣ ಕಾಗದದ ಕೊರತೆಯಿಂದ ಹಿಂದಕ್ಕೆ ಬರುತ್ತದೆ. ಆದುದರಿಂದ ಅರ್ಜಿ ಹಾಕುವುದು ಹೇಗೆ ಎಂಬುದನ್ನೇ ಈ ಸಂಚಿಕೆಯ ಪಾಠವಾಗಿ ತೆಗೆದುಕೊಳ್ಳೋಣ.

ನಮ್ಮ ಕ್ಷೇತ್ರದ ಒಂದು ಉದಾಹರಣೆ

ಡಾ. ವರ್ಗೀಸ್ ಕುರಿಯನ್ ಅವರ ಹೆಸರನ್ನು ಕೇಳದ ಸದಸ್ಯರಿಲ್ಲ. ಅವರ ಜನ್ಮದಿನವಾದ ನವೆಂಬರ್ 26ನ್ನು ರಾಷ್ಟ್ರೀಯ ಹಾಲು ದಿನವಾಗಿ ಆಚರಿಸುತ್ತೇವೆ. ಆದರೆ ಅವರು ಹಾಲಿನ ಕ್ಷೇತ್ರಕ್ಕೆ ಬಂದದ್ದೇ ಒಂದು ವಿದ್ಯಾರ್ಥಿವೇತನದಿಂದ ಎಂಬುದು ಅನೇಕರಿಗೆ ತಿಳಿಯದು.

1943ರಲ್ಲಿ ಮದರಾಸಿನ ಗಿಂಡಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪದವಿ ಪಡೆದ ಕುರಿಯನ್ನರಿಗೆ ಹಾಲಿನ ವಿಚಾರದಲ್ಲಿ ವಿಶೇಷ ಆಸಕ್ತಿಯೇನೂ ಇರಲಿಲ್ಲ. ಭಾರತ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರು. ಸಿಕ್ಕಿದ್ದು ಡೇರಿ ಇಂಜಿನಿಯರಿಂಗ್ ವಿಷಯ. ಅಮೆರಿಕಕ್ಕೆ ಹೋಗುವ ಮೊದಲು ಅವರನ್ನು ತರಬೇತಿಗೆ ಕಳುಹಿಸಿದ್ದು ನಮ್ಮ ಬೆಂಗಳೂರಿನ ಡೇರಿ ಸಂಸ್ಥೆಗೆ. 1927ರಲ್ಲಿ ಮಹಾತ್ಮ ಗಾಂಧೀಜಿಯವರು ಹಸು ಸಾಕಣೆಯ ಕ್ರಮವನ್ನು ಕಲಿಯಲು ಬಂದಿದ್ದೂ ಅದೇ ಸಂಸ್ಥೆಗೆ. ಇಂದು ಅದು ಆಡುಗೋಡಿಯಲ್ಲಿ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿದೆ.

1948ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು ಅವರು ಹಿಂತಿರುಗಿದರು. ಓದಿಗೆ ಹಣ ಕೊಟ್ಟ ಸರ್ಕಾರ ಹೇಳಿದ ಕಡೆ ಕೆಲಸ ಮಾಡಬೇಕೆಂಬ ಕರಾರು ಇತ್ತು. ಆ ಕರಾರಿನಂತೆ 1949ರ ಮೇ 13ರಂದು ಗುಜರಾತಿನ ಆನಂದ್ ಎಂಬ ಸಣ್ಣ ಊರಿಗೆ ಬಂದಿಳಿದರು. ಅಲ್ಲಿ ತ್ರಿಭುವನದಾಸ್ ಪಟೇಲರ ಖೇಡಾ ಜಿಲ್ಲಾ ಒಕ್ಕೂಟದ ಕೈಹಿಡಿದರು. ಆನಂದ್ ಮಾದರಿ ಬೆಳೆಯಿತು. 1974ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಡೇರಿ ಅಭಿವೃದ್ಧಿ ಕಾರ್ಯಕ್ರಮವೂ ಅದೇ ಮಾದರಿಯದು. ನಿಮ್ಮ ಊರಿನ ಸಂಘದಲ್ಲಿ ಇಂದು ಬೆಳಿಗ್ಗೆ ನೀವು ಹಾಕಿದ ಹಾಲಿನ ಹಿಂದೆ ಒಬ್ಬ ತರುಣನ ವಿದ್ಯಾರ್ಥಿವೇತನದ ಅರ್ಜಿಯೂ ಇದೆ.

ಇದರಿಂದ ಕಲಿಯಬೇಕಾದದ್ದು ಎರಡು. ಒಂದು, ಅರ್ಜಿ ಹಾಕದಿದ್ದರೆ ಏನೂ ಸಿಗುವುದಿಲ್ಲ. ಎರಡು, ವಿದ್ಯಾರ್ಥಿವೇತನಕ್ಕೆ ಷರತ್ತುಗಳಿರುತ್ತವೆ. ಅವನ್ನು ಓದಿ ತಿಳಿದು ಸಹಿ ಹಾಕಬೇಕು.

ಯಾವ ಯಾವ ವಿದ್ಯಾರ್ಥಿವೇತನಗಳಿವೆ?

ಇವುಗಳನ್ನು ಮೂರು ಗುಂಪು ಮಾಡಿಕೊಂಡರೆ ನೆನಪಿಡುವುದು ಸುಲಭ.

*ಮೊದಲನೆಯ ಗುಂಪು: ಅಂಕ ಮತ್ತು ಪರೀಕ್ಷೆಯ ಆಧಾರದ ಮೇಲೆ ಸಿಗುವವು.*

ಪಶುವೈದ್ಯ, ಡೇರಿ ತಂತ್ರಜ್ಞಾನ, ಕೃಷಿ, ಮೀನುಗಾರಿಕೆ ವಿಷಯಗಳಲ್ಲಿ ಪದವಿ ಪಡೆದವರಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಪ್ರವೇಶ ಪರೀಕ್ಷೆ ಇದೆ. ಇದರಲ್ಲಿ ಮೇಲಿನ ಸ್ಥಾನ ಪಡೆದವರಿಗೆ ತಿಂಗಳಿಗೆ 12,640 ರೂ. ವಿದ್ಯಾರ್ಥಿವೇತನ ನಿಗದಿಯಾಗಿದೆ. ಅದು ಸಿಗದಿದ್ದರೂ ಈ ಪರೀಕ್ಷೆಯ ಮೂಲಕ ಹೊರ ರಾಜ್ಯದ ಕೃಷಿ ವಿಶ್ವವಿದ್ಯಾಲಯ ಸೇರಿದವರಿಗೆ ತಿಂಗಳಿಗೆ 5,000 ರೂ.ಗಳ ಪ್ರತಿಭಾ ವಿದ್ಯಾರ್ಥಿವೇತನವಿದೆ.

ಇಂಜಿನಿಯರಿಂಗ್ ಓದಿದವರು ಗೇಟ್ ಪರೀಕ್ಷೆ ಬರೆದು, ಆ ಅಂಕದ ಮೇಲೆ ಮಾನ್ಯತೆ ಪಡೆದ ಕಾಲೇಜಿನಲ್ಲಿ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂ. ದೊರೆಯುತ್ತದೆ. ಗೇಟ್ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ.

ಎಂ.ಎ., ಎಂ.ಎಸ್ಸಿ., ಎಂ.ಕಾಂ. ಮುಂತಾದ ಓದಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ರಾಷ್ಟ್ರೀಯ ಸ್ನಾತಕೋತ್ತರ ವಿದ್ಯಾರ್ಥಿವೇತನವಿದೆ. ತಿಂಗಳಿಗೆ 15,000 ರೂ.ನಂತೆ ವರ್ಷಕ್ಕೆ 10 ತಿಂಗಳು ಕೊಡುತ್ತಾರೆ. ಪದವಿಯ ಅಂಕಗಳನ್ನು ನೋಡಿ ಆಯ್ಕೆ ನಡೆಯುತ್ತದೆ. ವಯಸ್ಸು 30 ಮೀರಿರಬಾರದು. ಕಾಲೇಜಿಗೆ ಹೋಗಿ ಓದುವವರಿಗೆ ಮಾತ್ರ. ಅಂಚೆ ಶಿಕ್ಷಣಕ್ಕೆ ಇದು ಇಲ್ಲ. ಒಟ್ಟು ಸ್ಥಾನಗಳಲ್ಲಿ ಶೇಕಡ 30 ಹೆಣ್ಣುಮಕ್ಕಳಿಗೆ ಮೀಸಲು.

*ಎರಡನೆಯ ಗುಂಪು: ಕುಟುಂಬದ ಆದಾಯ ಮತ್ತು ವರ್ಗದ ಆಧಾರದ ಮೇಲೆ ಸಿಗುವವು.*

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಹಾಗೂ ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳು ಇಲ್ಲಿಗೆ ಸೇರುತ್ತವೆ. ಕರ್ನಾಟಕದಲ್ಲಿ ಇವಕ್ಕೆಲ್ಲ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ, ಅಂದರೆ ಎಸ್.ಎಸ್.ಪಿ. ಮೂಲಕವೇ ಅರ್ಜಿ ಹಾಕಬೇಕು. ಆದಾಯದ ಮಿತಿ ಒಂದೊಂದು ವರ್ಗಕ್ಕೆ ಒಂದೊಂದು ಬಗೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಕೇಂದ್ರದ ಯೋಜನೆಯಲ್ಲಿ ವಾರ್ಷಿಕ 2.5 ಲಕ್ಷ ರೂ. ಮಿತಿ ಇದೆ.

*ಮೂರನೆಯ ಗುಂಪು: ರೈತ ಕುಟುಂಬ ಎಂಬ ಕಾರಣಕ್ಕೆ, ಅಥವಾ ಸಹಕಾರ ಸಂಘ, ದತ್ತಿ ಸಂಸ್ಥೆಗಳಿಂದ ಸಿಗುವವು.*

2021ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದಿಗೆ ವರ್ಷಕ್ಕೆ ಗಂಡುಮಕ್ಕಳಿಗೆ 10,000 ರೂ., ಹೆಣ್ಣುಮಕ್ಕಳಿಗೆ 11,000 ರೂ. ಎಂದು ಗೊತ್ತುಮಾಡಲಾಗಿತ್ತು. ಇದಕ್ಕೆ ತಂದೆ ಅಥವಾ ತಾಯಿಯ ಹೆಸರು ಫ್ರೂಟ್ಸ್ ನೋಂದಣಿಯಲ್ಲಿದ್ದು ಎಫ್.ಐ.ಡಿ. ಸಂಖ್ಯೆ ಇರಬೇಕು. ಆ ವರ್ಷಕ್ಕೆ ಯೋಜನೆ ಅನ್ವಯವಾಗುವುದೇ ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಇವಲ್ಲದೆ ಸಮುದಾಯಗಳ ವಿದ್ಯಾರ್ಥಿ ನಿಧಿಗಳು, ಬ್ಯಾಂಕುಗಳ ಹಾಗೂ ಕಂಪನಿಗಳ ದತ್ತಿಗಳು, ವಿಶ್ವವಿದ್ಯಾಲಯಗಳ ದತ್ತಿ ನಿಧಿಗಳು ಇವೆ. ಸದಸ್ಯರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುವ ಹಾಲು ಸಂಘಗಳೂ ಇವೆ. ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಕೇಳಲು ಸಂಕೋಚ ಬೇಡ.

ಮೇಲೆ ಹೇಳಿದ ಮೊತ್ತಗಳನ್ನು ಆಗಾಗ ಪರಿಷ್ಕರಿಸುವುದುಂಟು. ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ಸ್ವಲ್ಪ ಲೆಕ್ಕ ಹಾಕೋಣ

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಹಸು ದಿನಕ್ಕೆ 10 ಲೀಟರ್ ಕೊಡುತ್ತದೆ. ಲೀಟರಿಗೆ 35 ರೂ.ನಂತೆ ತಿಂಗಳಿಗೆ 10,500 ರೂ. ಬಟವಾಡೆ. ಪಶು ಆಹಾರ, ಮೇವು, ಔಷಧಿಗೆ 6,500 ರೂ. ಹೋದರೆ ಉಳಿಯುವುದು 4,000 ರೂ. ಹತ್ತು ತಿಂಗಳು ಕರೆದರೆ ವರ್ಷಕ್ಕೆ 40,000 ರೂ. ಹಸುವನ್ನು 60,000 ರೂ.ಗೆ ಮಾರಿದಿರಿ ಎಂದುಕೊಳ್ಳಿ. ಮೊದಲ ವರ್ಷದ ಓದು ನಡೆಯಿತು. ಎರಡನೆಯ ವರ್ಷಕ್ಕೆ ಹಸುವೂ ಇಲ್ಲ, ಹಾಲೂ ಇಲ್ಲ, ಅದರ ಕರುವೂ ಇಲ್ಲ. ಶುಲ್ಕ ಮಾತ್ರ ಇದೆ.

ಇನ್ನೊಂದು ಕಡೆ ನೋಡಿ. ತಿಂಗಳಿಗೆ 12,640 ರೂ.ನಂತೆ ಎರಡು ವರ್ಷಕ್ಕೆ 3,03,360 ರೂ. ತಿಂಗಳಿಗೆ 15,000 ರೂ.ನಂತೆ ವರ್ಷಕ್ಕೆ 10 ತಿಂಗಳು, ಎರಡು ವರ್ಷಕ್ಕೆ 3,00,000 ರೂ. ಎಲ್ಲರಿಗೂ ಇವು ಸಿಗುವುದಿಲ್ಲ, ಸ್ಪರ್ಧೆ ಇದೆ. ಆದರೆ ವರ್ಷಕ್ಕೆ ಹತ್ತು ಸಾವಿರ ಸಿಕ್ಕಿದರೂ ಅದು ಹಸುವಿನ ಎರಡೂವರೆ ತಿಂಗಳ ಉಳಿತಾಯಕ್ಕೆ ಸಮ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ವಿದ್ಯಾರ್ಥಿವೇತನದ ಹಣ ಕಾಲೇಜು ಸೇರಿದ ದಿನವೇ ಕೈಗೆ ಬರುವುದಿಲ್ಲ. ಕೆಲವು ತಿಂಗಳು ತಡವಾಗುತ್ತದೆ. ಆದುದರಿಂದ ಮೊದಲ ಕಂತಿನ ಶುಲ್ಕಕ್ಕೆ ಬೇರೆ ಏರ್ಪಾಡು ಬೇಕು. ಸಂಘದ ಬೋನಸ್ ಹಣ, ಸ್ವಸಹಾಯ ಸಂಘದ ಸಾಲ, ಬ್ಯಾಂಕಿನ ಶಿಕ್ಷಣ ಸಾಲ ಇವುಗಳಲ್ಲಿ ಯಾವುದು ಅನುಕೂಲವೋ ನೋಡಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂ.ವರೆಗೆ ಆಸ್ತಿಯ ಅಡಮಾನ ಕೇಳುವಂತಿಲ್ಲ. ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ಕಾಲೇಜಿಗೆ ಬರಹದಲ್ಲಿ ಕೇಳಬಹುದು. ಕೆಲವು ತಿಂಗಳ ಅಡಚಣೆಗಾಗಿ ಕರೆಯುವ ಹಸುವನ್ನು ಮಾರುವುದು ಜಾಣತನವಲ್ಲ.

ಕಾಗದ ಪತ್ರಗಳ ಕಟ್ಟು

ಅರ್ಜಿಯ ಅರ್ಧ ಕೆಲಸ ಕಾಗದ ಪತ್ರಗಳದು. ಇದು ತಂದೆ ತಾಯಿಯರೇ ಮಾಡಬಹುದಾದ ಕೆಲಸ. ಒಂದು ಚೀಲದಲ್ಲಿ ಇವೆಲ್ಲವನ್ನೂ ಕೂಡಿಸಿಡಿ:

1. ಎಸ್.ಎಸ್.ಎಲ್.ಸಿ.ಯಿಂದ ಪದವಿಯವರೆಗಿನ ಎಲ್ಲ ಅಂಕಪಟ್ಟಿಗಳು.
2. ವಿದ್ಯಾರ್ಥಿಯ ಹಾಗೂ ತಂದೆ ತಾಯಿಯರ ಆಧಾರ್ ಕಾರ್ಡು.
3. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಮೇಲಿರುವ ಆರ್.ಡಿ. ಸಂಖ್ಯೆಯೇ ಅರ್ಜಿಗೆ ಮುಖ್ಯ.
4. ವಿದ್ಯಾರ್ಥಿಯ ಹೆಸರಿನಲ್ಲಿರುವ ಬ್ಯಾಂಕ್ ಪಾಸ್ ಪುಸ್ತಕ.
5. ಕಾಲೇಜು ಸೇರಿದ ಶುಲ್ಕದ ರಸೀದಿ, ಹಾಸ್ಟೆಲಿನಲ್ಲಿದ್ದರೆ ಅದರ ದೃಢೀಕರಣ.
6. ಎಫ್.ಐ.ಡಿ. ಸಂಖ್ಯೆ, ಪಡಿತರ ಚೀಟಿ, ಭಾವಚಿತ್ರಗಳು.

ಇವುಗಳಲ್ಲಿ ಮೂರು ವಿಚಾರಗಳಿಗೆ ವಿಶೇಷ ಗಮನ ಕೊಡಿ.

*ಹೆಸರು.* ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಹೆಸರಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಇನಿಷಿಯಲ್ ಹಿಂದು ಮುಂದಾದರೂ ತೊಂದರೆ. ಅಂಕಪಟ್ಟಿಯಲ್ಲಿರುವಂತೆಯೇ ಆಧಾರನ್ನು ತಿದ್ದಿಸಿಕೊಳ್ಳಿ. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಲಿ, ಗುಪ್ತ ಸಂಖ್ಯೆ ಬರುವುದು ಅದಕ್ಕೇ.

*ಖಾತೆ.* ಹಾಲಿನ ಪ್ರೋತ್ಸಾಹಧನ ನಿಮ್ಮ ಖಾತೆಗೆ ನೇರವಾಗಿ ಬರುವುದನ್ನು ನೀವು ಬಲ್ಲಿರಿ. ವಿದ್ಯಾರ್ಥಿವೇತನವೂ ಹಾಗೆಯೇ. ಆದರೆ ಅದು ಬರುವುದು ಮಗನ ಅಥವಾ ಮಗಳ ಸ್ವಂತ ಖಾತೆಗೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು. ನೇರ ಹಣ ಜಮೆಗೆ ಆ ಖಾತೆ ಆಧಾರಿಗೆ ಜೋಡಣೆಯಾಗಿದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಒಂದು ಆಧಾರಿಗೆ ಒಂದು ಕಾಲಕ್ಕೆ ಒಂದೇ ಬ್ಯಾಂಕು ಜೋಡಣೆಯಾಗಿರುತ್ತದೆ.

*ಆದಾಯ.* ಆದಾಯವೆಂದರೆ ಜಮೀನಿನದು ಮಾತ್ರವಲ್ಲ, ಹಾಲಿನದೂ ಕೂಲಿಯದೂ ಸೇರಿ. ಇದ್ದುದನ್ನು ಇದ್ದಂತೆ ಹೇಳಿ. ಸುಳ್ಳು ಆದಾಯ ತೋರಿಸಿ ಪಡೆದ ಹಣವನ್ನು ಹಿಂದಕ್ಕೆ ವಸೂಲು ಮಾಡುವ ಅಧಿಕಾರ ಇಲಾಖೆಗಿದೆ. ಮಗುವಿನ ಮುಂದಿನ ಓದಿಗೂ ಕಪ್ಪುಚುಕ್ಕೆಯಾಗುತ್ತದೆ. ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದೂ ನೋಡಿಕೊಳ್ಳಿ. ಹೊಸದಕ್ಕೆ ಅರ್ಜಿ ಕೊಟ್ಟರೆ ಸಕಾಲ ಸಂಖ್ಯೆಯಿರುವ ರಸೀದಿಯನ್ನು ಕೇಳಿ ಪಡೆಯಿರಿ. ಗೊತ್ತಾದ ದಿನದೊಳಗೆ ಪ್ರಮಾಣಪತ್ರ ಬಾರದಿದ್ದರೆ ಆ ಸಂಖ್ಯೆ ತೋರಿಸಿ ಮೇಲ್ಮನವಿ ಮಾಡಬಹುದು.

ಅರ್ಜಿ ಹಾಕುವ ಕ್ರಮ

ಬೇಸಾಯಕ್ಕೆ ಹದವಿರುವಂತೆ ಅರ್ಜಿಗೂ ಹದವಿದೆ. ಪದವಿಯ ಫಲಿತಾಂಶ ಬಂದ ಮೇಲೆ ವಿಚಾರಿಸಲು ಹೊರಟರೆ ಕೆಲವು ಬಾಗಿಲುಗಳು ಆಗಲೇ ಮುಚ್ಚಿರುತ್ತವೆ.

ಗೇಟ್ ಪರೀಕ್ಷೆಗೆ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ತಿಂಗಳಿನಲ್ಲಿ ಅರ್ಜಿ ಕರೆಯುತ್ತಾರೆ. ಪರೀಕ್ಷೆ ಫೆಬ್ರವರಿಯಲ್ಲಿ. ಅಂದರೆ ಪದವಿಯ ಕೊನೆಯ ವರ್ಷ ಆರಂಭವಾಗುತ್ತಿದ್ದಂತೆಯೇ ಸಿದ್ಧವಾಗಬೇಕು. ಕೃಷಿ ಪರಿಷತ್ತಿನ ಪರೀಕ್ಷೆ ವರ್ಷಕ್ಕೊಮ್ಮೆ ಮಾತ್ರ. ಕೊನೆಯ ವರ್ಷದಲ್ಲಿ ಇದರ ಪ್ರಕಟಣೆಗಾಗಿ ದಿನಪತ್ರಿಕೆಯನ್ನೂ ಕಾಲೇಜಿನ ಸೂಚನಾ ಫಲಕವನ್ನೂ ನೋಡುತ್ತಿರಬೇಕು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಕಾಯುತ್ತಿರುವಾಗಲೇ ಮಾಡಿಸಿಡಿ.

ಕಾಲೇಜು ಸೇರಿದ ಕೂಡಲೇ ಎಸ್.ಎಸ್.ಪಿ. ಹಾಗೂ ರಾಷ್ಟ್ರೀಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ನೋಂದಾಯಿಸಿಕೊಳ್ಳಬೇಕು. ರಾಷ್ಟ್ರೀಯ ತಂತ್ರಾಂಶದಲ್ಲಿ ಒಮ್ಮೆ ನೋಂದಣಿ ಮಾಡಿ ಸಿಗುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಓದು ಮುಗಿಯುವವರೆಗೂ ಅದು ಬೇಕು. ಮನೆಯಲ್ಲಿ ಗಣಕಯಂತ್ರವಿಲ್ಲದಿದ್ದರೆ ಕಾಲೇಜಿನಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಮಾಡಿಸಬಹುದು. ಈ ಎರಡು ತಂತ್ರಾಂಶಗಳಿಗೂ ಅರ್ಜಿ ಶುಲ್ಕವಿಲ್ಲ. ಕೇಂದ್ರದವರ ಸೇವಾ ಶುಲ್ಕವನ್ನು ಬಿಟ್ಟು "ಮಂಜೂರು ಮಾಡಿಸಿಕೊಡುತ್ತೇನೆ" ಎಂದು ಹಣ ಕೇಳುವವರನ್ನು ನಂಬಬೇಡಿ. ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನು ದೂರವಾಣಿಯಲ್ಲಿ ಕೇಳಿದವರಿಗೆ ಹೇಳಬೇಡಿ.

ಅರ್ಜಿ ಹಾಕಿದ ಮೇಲೆ ಕೆಲಸ ಮುಗಿಯಲಿಲ್ಲ. ಅದನ್ನು ಕಾಲೇಜಿನವರು ಪರಿಶೀಲಿಸಿ ದೃಢೀಕರಿಸಬೇಕು. ಕ್ಯಾನಿಗೆ ಹಾಲು ಸುರಿದ ಮಾತ್ರಕ್ಕೆ ಲೆಕ್ಕಕ್ಕೆ ಬಂದಂತಲ್ಲ, ಪುಸ್ತಕದಲ್ಲಿ ನಮೂದಾಗಬೇಕು. ಇದೂ ಹಾಗೆಯೇ. ಹದಿನೈದು ದಿನಕ್ಕೊಮ್ಮೆ ಅರ್ಜಿ ಎಲ್ಲಿದೆ ಎಂದು ಮಗ ಅಥವಾ ಮಗಳು ನೋಡುತ್ತಿರಲಿ. ತಪ್ಪಿದೆಯೆಂದು ಹಿಂದಿರುಗಿಸಿದ್ದರೆ ಕೊನೆಯ ದಿನಾಂಕದೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು.

ಎರಡನೆಯ ವರ್ಷಕ್ಕೆ ನವೀಕರಣದ ಅರ್ಜಿ ಹಾಕುವುದನ್ನು ಮರೆಯಬೇಡಿ. ಮೊದಲ ವರ್ಷ ಬಂದ ಹಣ ತಾನಾಗಿಯೇ ಎರಡನೆಯ ವರ್ಷವೂ ಬರುತ್ತದೆಂದು ಸುಮ್ಮನಿದ್ದವರು ಅದನ್ನು ಕಳೆದುಕೊಳ್ಳುತ್ತಾರೆ. ಒಂದೇ ಓದಿಗೆ ಎರಡು ವಿದ್ಯಾರ್ಥಿವೇತನ ಪಡೆಯಲು ಕೆಲವು ಯೋಜನೆಗಳಲ್ಲಿ ಅವಕಾಶವಿಲ್ಲ. ಎರಡಕ್ಕೂ ಅರ್ಜಿ ಹಾಕಿ, ಎರಡೂ ಸಿಕ್ಕಿದರೆ ಹೆಚ್ಚು ಅನುಕೂಲವಾದುದನ್ನು ಉಳಿಸಿಕೊಳ್ಳಿ.

ಉದ್ದೇಶ ಪತ್ರ ಬರೆಯುವುದು

ದತ್ತಿ ಸಂಸ್ಥೆಗಳು ಅಂಕಪಟ್ಟಿಯ ಜೊತೆಗೆ "ನಿಮಗೆ ಏಕೆ ಈ ಸಹಾಯ ಬೇಕು" ಎಂದು ಒಂದು ಪತ್ರ ಕೇಳುವುದುಂಟು. ಇದರಲ್ಲಿ ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆ. ಸಾಮಾನ್ಯವಾಗಿ ಬರೆಯುವುದು ಹೀಗೆ:

"ನಾನು ಬಡ ರೈತ ಕುಟುಂಬದವಳು. ಓದಬೇಕೆಂಬ ಆಸೆ ಬಹಳ ಇದೆ. ದಯವಿಟ್ಟು ಸಹಾಯ ಮಾಡಬೇಕೆಂದು ಪ್ರಾರ್ಥಿಸುತ್ತೇನೆ."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನೂರು ಅರ್ಜಿಗಳಲ್ಲಿ ಎಂಬತ್ತು ಹೀಗೆಯೇ ಇದ್ದರೆ ಓದುವವರಿಗೆ ಯಾರು ಯಾರೆಂದು ತಿಳಿಯುವುದು ಹೇಗೆ? ಅದರ ಬದಲು ಹೀಗೆ ಬರೆದರೆ ನೋಡಿ:

"ನಮಗೆ ಎರಡು ಎಕರೆ ಖುಷ್ಕಿ ಜಮೀನು, ಮೂರು ಹಸುಗಳಿವೆ. ಹಾಲಿನ ಬಟವಾಡೆಯೇ ಮನೆಯ ಮುಖ್ಯ ವರಮಾನ. ಬೆಳಿಗ್ಗೆ ಹಾಲು ಕರೆದು ಸಂಘಕ್ಕೆ ಹಾಕಿ ನಾನು ಕಾಲೇಜಿಗೆ ಹೋಗುತ್ತಿದ್ದೆ. ಎರಡು ವರ್ಷದ ಹಿಂದೆ ಕೆಚ್ಚಲು ಬಾವು ಬಂದು ನಮ್ಮ ಒಂದು ಹಸುವಿನ ಎರಡು ಮೊಲೆಗಳು ಕೆಟ್ಟವು. ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುವಾಗ ಅದಕ್ಕೆ ಕಾರಣವಾದ ಜೀವಾಣುಗಳ ಬಗ್ಗೆ ತಿಳಿಯಿತು. ಎಂ.ಎಸ್ಸಿ.ಯಲ್ಲಿ ಅದನ್ನೇ ಮುಂದುವರಿಸಬೇಕೆಂದಿದ್ದೇನೆ. ವರ್ಷಕ್ಕೆ ಶುಲ್ಕ ಮತ್ತು ಹಾಸ್ಟೆಲ್ ಸೇರಿ 70,000 ರೂ. ಬೇಕು. ಮನೆಯಿಂದ 30,000 ರೂ. ಹೊಂದಿಸಬಲ್ಲೆವು. ಉಳಿದ 40,000 ರೂ.ಗಳಿಗಾಗಿ ಈ ಅರ್ಜಿ."

ಇದು ಮಾದರಿ ಮಾತ್ರ, ನಕಲು ಮಾಡುವುದಕ್ಕಲ್ಲ. ನಿಮ್ಮ ಮನೆಯ ಸಂಗತಿಯನ್ನೇ ಬರೆಯಬೇಕು. ಮನೆಯ ಸ್ಥಿತಿ, ಮಾಡಿದ ಕೆಲಸ, ಓದುವ ವಿಷಯ, ಅದನ್ನೇ ಏಕೆ ಆರಿಸಿದ್ದು, ಬೇಕಾದ ಹಣ, ತಾವು ಹೊಂದಿಸುವ ಹಣ, ಇಷ್ಟು ಬಂದರೆ ಪತ್ರ ಪೂರ್ತಿಯಾಯಿತು. ಹಾಲಿಗೆ ನೀರು ಬೆರೆಸಿದರೆ ಅಳತೆ ಹೆಚ್ಚುತ್ತದೆ, ಜಿಡ್ಡು ಹೆಚ್ಚುವುದಿಲ್ಲ. ಪತ್ರವೂ ಉದ್ದವಿದ್ದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಬರೆದ ಮೇಲೆ ಅಧ್ಯಾಪಕರೊಬ್ಬರಿಗೆ ತೋರಿಸಿ ತಿದ್ದಿಸಿಕೊಳ್ಳಬೇಕು. ಶಿಫಾರಸು ಪತ್ರ ಬೇಕಿದ್ದರೆ ಅದೇ ಅಧ್ಯಾಪಕರನ್ನು ಕೊನೆಯ ದಿನಕ್ಕಿಂತ ಮೂರು ವಾರ ಮೊದಲೇ ಕೇಳಬೇಕು.

ತಾಯಂದಿರಿಗೆ ಒಂದು ಮಾತು

ಹಾಲು ಕರೆಯುವವರು, ಸಗಣಿ ಬಾಚುವವರು, ಮೇವು ತರುವವರು ಹೆಚ್ಚಾಗಿ ನೀವೇ. ನಿಮ್ಮ ದುಡಿಮೆಯ ಹಣ ಯಾರ ಓದಿಗೆ ಹೋಗಬೇಕು ಎನ್ನುವಲ್ಲಿ ನಿಮ್ಮ ಮಾತೂ ಇರಲಿ. ಮಗನಿಗೆ ಸಾಲ ಮಾಡಿಯಾದರೂ ಓದಿಸುತ್ತೇವೆ, ಮಗಳಿಗೆ "ಇಷ್ಟು ಸಾಕು" ಎನ್ನುತ್ತೇವೆ. ಹೆಣ್ಣುಮಕ್ಕಳಿಗೆ ಮೀಸಲಾದ ಸ್ಥಾನಗಳಿರುವಾಗ, ಕೆಲವೆಡೆ ಹೆಚ್ಚಿನ ಮೊತ್ತವೂ ಇರುವಾಗ, ಅರ್ಜಿಯನ್ನೇ ಹಾಕದೆ ಓದು ನಿಲ್ಲಿಸುವುದು ನ್ಯಾಯವಲ್ಲ. ಅರ್ಜಿ ಹಾಕಿ, ಫಲಿತಾಂಶ ಬರಲಿ, ಆಮೇಲೆ ತೀರ್ಮಾನಿಸಿ.

ನೆನಪಿಡಬೇಕಾದ ಅಂಶಗಳು

1. ಪದವಿಯ ಕೊನೆಯ ವರ್ಷದಲ್ಲಿಯೇ ವಿಚಾರಿಸಲು ಆರಂಭಿಸಿ.
2. ಅಂಕಪಟ್ಟಿ, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲಿಯೂ ಹೆಸರು ಒಂದೇ ಇರಲಿ.
3. ಕೊನೆಯ ದಿನದವರೆಗೆ ಕಾಯಬೇಡಿ.
4. ಸಲ್ಲಿಸಿದ ಅರ್ಜಿಯ ಮುದ್ರಿತ ಪ್ರತಿಯನ್ನು ಮನೆಯಲ್ಲಿಡಿ.
5. ಕಾಲೇಜಿನ ದೃಢೀಕರಣವಾಯಿತೇ ಎಂದು ಕೇಳಿ.
6. ಎರಡನೆಯ ವರ್ಷ ನವೀಕರಿಸಿ.
7. ಒಂದು ಕಡೆ ಸಿಗಲಿಲ್ಲವೆಂದು ಕೈಬಿಡದೆ ಇನ್ನೊಂದು ಕಡೆ ಹಾಕಿ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

ನಮ್ಮ ಸಂಘದ ಸದಸ್ಯರ ಮಕ್ಕಳಲ್ಲಿ ಈ ವರ್ಷ ಪದವಿ ಮುಗಿಸುವವರು ಎಷ್ಟು ಮಂದಿ? ಅವರಲ್ಲಿ ಮುಂದೆ ಓದಲು ಇಚ್ಛೆಯಿರುವವರು ಯಾರು? ಎಲ್ಲ ಸದಸ್ಯರಿಗೂ ಎಫ್.ಐ.ಡಿ. ಸಂಖ್ಯೆ ಇದೆಯೇ? ಈಗಾಗಲೇ ವಿದ್ಯಾರ್ಥಿವೇತನ ಪಡೆದ ಹುಡುಗ ಅಥವಾ ಹುಡುಗಿ ಊರಿನಲ್ಲಿದ್ದರೆ, ಒಂದು ಸಂಜೆ ಹಾಲು ಹಾಕುವ ಹೊತ್ತಿಗೆ ಬಂದು ಉಳಿದವರಿಗೆ ಹೇಳಿಕೊಡಬಹುದೇ? ಕೊನೆಯ ದಿನಾಂಕಗಳನ್ನು ಸಂಘದ ಸೂಚನಾ ಫಲಕದಲ್ಲಿ ಬರೆಯುವ ಜವಾಬ್ದಾರಿಯನ್ನು ಯಾರು ಹೊರುತ್ತೀರಿ?

ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಮನೆಯಲ್ಲಿ ಓದುತ್ತಿರುವ ಮಗ ಅಥವಾ ಮಗಳ ಕೈಗೆ ಕೊಡಿ. ನಾಳೆ ಬೆಳಿಗ್ಗೆ ಸಂಘಕ್ಕೆ ಬರುವಾಗ ಆದಾಯ ಪ್ರಮಾಣಪತ್ರದ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ನೋಡಿಕೊಂಡು ಬನ್ನಿ. ಅಷ್ಟಾದರೆ ಕೆಲಸ ಆರಂಭವಾದಂತೆಯೇ. ಹಸು ಕೊಟ್ಟಿಗೆಯಲ್ಲಿ ಉಳಿಯಲಿ, ಮಕ್ಕಳ ಓದೂ ಮುಂದುವರಿಯಲಿ.